ಡೀಸೆಲ್ ಗಾಡಿಯ ಲೆಕ್ಕ

2012ರಲ್ಲಿ ಕನಕಪುರದಲ್ಲಿ ಹಳೇ ಕಾರು ಕೊಳ್ಳಲು ಹೊರಟವನನ್ನು ಯಾವ ಕಂಪನಿ, ಯಾವ ಬಣ್ಣ ಅಂತ ಯಾರೂ ಕೇಳುತ್ತಿರಲಿಲ್ಲ. ಡೀಸೆಲ್ ತಾನೆ ಅಂತ ಖಾತ್ರಿ ಮಾಡಿಕೊಳ್ಳುತ್ತಿದ್ದರು, ಅಷ್ಟೆ. ಪೆಟ್ರೋಲ್ ಕಾರು ಸಂಬಳದವರಿಗೆ, ಇಲ್ಲವೇ ಮಾವ ಕೊಡಿಸಿದವರಿಗೆ. ಸಾತನೂರು, ಕೋಡಿಹಳ್ಳಿ ಕಡೆಯ ರೇಷ್ಮೆ ಬೆಳೆಗಾರರು, ಕಲ್ಲು ಕ್ವಾರಿಯ ಕಂಟ್ರಾಕ್ಟರುಗಳು, ಚೀಟಿ ನಡೆಸುವವರು ಎಲ್ಲರೂ ಡೀಸೆಲ್ಲಿನವರೇ.

ಇದರಲ್ಲಿ ಅಭಿಮಾನದ ಮಾತೇನೂ ಇರಲಿಲ್ಲ. ಲಾರಿಗೆ, ಬಸ್ಸಿಗೆ, ಟ್ರ್ಯಾಕ್ಟರಿಗೆ ಅಂತ ಸರ್ಕಾರ ಡೀಸೆಲ್ ದರವನ್ನು ಹಿಡಿದಿಟ್ಟಿತ್ತು. ಎಮ್ಮೆಯ ಬಾಲ ಹಿಡಿದು ಹೊಳೆ ದಾಟಿದ ಹಾಗೆ ಕಾರಿನವರೂ ಅದನ್ನೇ ಹಿಡಿದು ದಾಟಿದರು. 2010ರ ಜೂನ್‌ನಲ್ಲಿ ಪೆಟ್ರೋಲ್ ದರವನ್ನು ಮಾರುಕಟ್ಟೆಗೆ ಬಿಟ್ಟ ಮೇಲಂತೂ ಅಂತರ ಹಿಗ್ಗುತ್ತಲೇ ಹೋಯಿತು. 2012ರ ಮಧ್ಯದಲ್ಲಿ ಅದು ಲೀಟರಿಗೆ 30 ರೂಪಾಯಿ ದಾಟಿತು. ನಿಜ ಹೇಳಬೇಕೆಂದರೆ ನಾವೆಲ್ಲ ಕೊಳ್ಳುತ್ತಿದ್ದದ್ದು ಆ ಮೂವತ್ತು ರೂಪಾಯಿಯನ್ನು. ಆಗ ದೇಶದಲ್ಲಿ ಮಾರಾಟವಾಗುತ್ತಿದ್ದ ಹೊಸ ಕಾರುಗಳಲ್ಲೂ ಹೆಚ್ಚು ಕಡಿಮೆ ಅರ್ಧದಷ್ಟು ಡೀಸೆಲ್ಲೇ.

ಅದಕ್ಕೂ ಹಿಂದೆ ಡೀಸೆಲ್ ಕಾರು ಅಂದರೆ ಅಂಬಾಸಡರ್. 1489 ಸಿಸಿ ಎಂಜಿನ್, ಗದ್ದಲ ಜಾಸ್ತಿ, ಓಟ ಕಮ್ಮಿ. ಬಿಟ್ಟರೆ ಕಮಾಂಡರ್ ಜೀಪು, ಟೆಂಪೋ ಟ್ರ್ಯಾಕ್ಸ್. 1998ರ ಕೊನೆಗೆ ಟಾಟಾದವರು ಇಂಡಿಕಾ ತಂದ ಮೇಲೆ ಸಣ್ಣ ಸಂಸಾರಕ್ಕೂ ಡೀಸೆಲ್ ಕಾರು ಸಿಕ್ಕಿತು. ಟೊಯೋಟಾದ ಕ್ವಾಲಿಸ್ 2000ದಿಂದ ಇಲ್ಲೇ ಪಕ್ಕದ ಬಿಡದಿಯಲ್ಲೇ ತಯಾರಾಗುತ್ತಿತ್ತು. ಪಕ್ಕದಲ್ಲಿ ತಯಾರಾದರೆ ಬೆಲೆ ಕಮ್ಮಿಯಾಗುತ್ತದೆಯೇ? ಹಳೇ ಕ್ವಾಲಿಸ್‌ಗೂ ಹೊಸ ಇಂಡಿಕಾದಷ್ಟು ಕೇಳುತ್ತಿದ್ದರು.

ನಮ್ಮ ಚಿಕ್ಕಪ್ಪ 2012ರಲ್ಲಿ ಕೊಂಡದ್ದು ಇಂಡಿಕಾ ವಿ2. ರಾಮನಗರದ ಮಾರ್ಕೆಟ್ಟಿಗೆ ಗೂಡು ಸಾಗಿಸಲು ಟೆಂಪೋ ಬಾಡಿಗೆ ಕೊಟ್ಟು ಅವರಿಗೆ ಸಾಕಾಗಿತ್ತು. ಹಿಂದಿನ ಸೀಟು ಮಡಚಿದರೆ ಗೂಡಿನ ಚೀಲಗಳು ಹಿಡಿಸುತ್ತವೆ, ಭಾನುವಾರ ಅದೇ ಗಾಡಿಯಲ್ಲಿ ಬೀಗರ ಮನೆಗೂ ಹೋಗಬಹುದು ಅನ್ನುವುದು ಅವರ ಎಣಿಕೆ.

ಡೀಸೆಲ್ ಗಾಡಿ ನೋಡಲು ಬೆಳಿಗ್ಗೆ ಆರಕ್ಕೇ ಹೋಗಬೇಕು, ಮಾರುವವನು ಸ್ಟಾರ್ಟ್ ಮಾಡಿ ಬಿಸಿ ಮಾಡಿಡುವುದಕ್ಕೆ ಮೊದಲು. ಜತೆಗೆ ಬಂದ ಮೆಕ್ಯಾನಿಕ್ ಯಾರ ಹತ್ತಿರವೂ ಮಾತಾಡದೆ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ಹೀಟರ್ ಲೈಟ್ ಆರುವವರೆಗೆ ಕಾದು ಸೆಲ್ಫ್ ಹೊಡೆದ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಬಾಯಿಗೆ ಅಡ್ಡವಾಗಿ ಕೈ ಹಿಡಿದ. "ಉಸ್ರು ಎಷ್ಟ್ ಬಿಡ್ತೈತೆ ನೋಡ್ತೀನಿ, ತಡೀರಣ್ಣ." ಬುಸ್ ಬುಸ್ ಅಂತ ಹೊಗೆ ಬಂದರೆ ರಿಂಗ್ ಸವೆದು ಎಂಜಿನ್ ಬಿಚ್ಚುವ ಕೆಲಸ ಹತ್ತಿರ ಬಂದಿದೆ ಅಂತ. ಆಮೇಲೆ ಸೈಲೆನ್ಸರ್ ಕಡೆ ಹೋಗಿ ಕುಕ್ಕರಗಾಲಲ್ಲಿ ಕೂತ. ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ. ಕಪ್ಪಾದರೆ ನಾಜಲ್ಲೋ ಪಂಪೋ ಕೆಲಸಕ್ಕೆ ಬಂದಿದೆ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಇದ್ಯಾವುದೂ ಗೊತ್ತಿಲ್ಲದವರು ಡಿಪ್‌ಸ್ಟಿಕ್ ಎಳೆದು "ಆಯಿಲ್ ಕರ್ರಗೈತೆ" ಅಂತ ತಲೆಯಾಡಿಸುತ್ತಿದ್ದರು. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ಲೂ ನಾಲ್ಕು ದಿನಕ್ಕೆ ಕಪ್ಪಾಗುತ್ತದೆ. ಅದರಿಂದ ಗಾಡಿಯ ಜಾತಕ ತಿಳಿಯುವುದಿಲ್ಲ.

ಮೀಟರ್ 62 ಸಾವಿರ ತೋರಿಸುತ್ತಿತ್ತು. ಕ್ಲಚ್ ಪೆಡಲಿನ ರಬ್ಬರು ಕಬ್ಬಿಣ ಕಾಣುವಷ್ಟು ಸವೆದಿತ್ತು. ನಂಬರ್ ಪ್ಲೇಟ್ ಬಿಚ್ಚಿದರೆ ಹಿಂದುಗಡೆ ಹಳದಿ ಬಣ್ಣದ ಅಂಚು. ಬೆಂಗಳೂರಿನ ಕಾಲ್ ಸೆಂಟರಿಗೆ ರಾತ್ರಿಯೆಲ್ಲ ಓಡಿ, ಆಮೇಲೆ ವೈಟ್ ಬೋರ್ಡ್ ಆದ ಗಾಡಿ ಅಂತ ಚಿಕ್ಕಪ್ಪನಿಗೂ ಗೊತ್ತಾಯಿತು. ಬ್ರೋಕರ್ ಮಾತ್ರ ಜಗ್ಗಲಿಲ್ಲ. "ಲೇಡಿ ಡಾಕ್ಟ್ರು ಇಟ್ಕೊಂಡಿದ್ ಗಾಡಿ ಕಣಣ್ಣ, ಮನೆಯಿಂದ ಆಸ್ಪತ್ರೆಗೆ ಅಷ್ಟೇ." ಆ ಕಾಲದ ಹಳೇ ಕಾರುಗಳನ್ನೆಲ್ಲ ಈ ಲೇಡಿ ಡಾಕ್ಟರೇ ಓಡಿಸಿದ್ದರು. ಚಿಕ್ಕಪ್ಪ ಹಳದಿ ಅಂಚು ತೋರಿಸಿ 25 ಸಾವಿರ ಇಳಿಸಿಕೊಂಡು ಅದನ್ನೇ ಕೊಂಡರು. ಅವರು ಮೋಸ ಹೋದರು ಅಂತ ನನಗೆ ಅನ್ನಿಸುವುದಿಲ್ಲ. ಮೂವತ್ತು ರೂಪಾಯಿ ಅಂತರವಿದ್ದಾಗ ಸವೆದ ಎಂಜಿನ್ನೂ ಲಾಭವೇ.

ಕಾಗದಪತ್ರದ ಕಥೆ ಬೇರೆ. ಮೊದಲ ಓನರ್ ಸಹಿ ಹಾಕಿ, ತಾರೀಕು ಬರೆಯದೆ ಬಿಟ್ಟ 29, 30ನೇ ಫಾರಂಗಳು ಆರ್‌ಸಿ ಜತೆ ಕೈಯಿಂದ ಕೈಗೆ ಹೋಗುತ್ತಿದ್ದವು. ರಾಜ್ಯದೊಳಗಿನ ಮಾರಾಟವಾದರೆ ಕೊಟ್ಟವನು 14 ದಿನದಲ್ಲಿ, ಕೊಂಡವನು 30 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು ಅಂತ ಕಾನೂನು. ಆದರೂ ಚಿಕ್ಕಪ್ಪನ ಇಂಡಿಕಾ ವರ್ಷಗಟ್ಟಲೆ ಯಾರದೋ ಹೆಸರಿನಲ್ಲೇ ಓಡಿತು, ಇನ್ಶೂರೆನ್ಸೂ ಆ ಹೆಸರಿನಲ್ಲೇ. ಹೊಗೆ ಪರೀಕ್ಷೆಯ ಚೀಟಿ ಗಾಡಿ ಹೋಗದೆಯೂ ಬರುತ್ತಿತ್ತು. ಆ ಹೊಗೆ ಕನಕಪುರ ರಸ್ತೆಯಲ್ಲಿ ಹಿಂದೆ ಬರುವ ಬೈಕಿನವನ ಮುಖಕ್ಕೆ. ಆ ಕಾಲ ಚೆನ್ನಾಗಿತ್ತು ಅನ್ನುವವರು ಬೈಕಿನವನನ್ನೂ ಒಂದು ಮಾತು ಕೇಳಬೇಕು.

2013ರ ಜನವರಿಯಿಂದ ಡೀಸೆಲ್ ದರ ತಿಂಗಳಿಗೆ ಐವತ್ತು ಪೈಸೆಯಂತೆ ಏರತೊಡಗಿತು. 2014ರ ಅಕ್ಟೋಬರ್‌ನಲ್ಲಿ ಅದನ್ನೂ ಮಾರುಕಟ್ಟೆಗೆ ಬಿಟ್ಟರು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ತೆರಿಗೆ ಏರಿಸಿದ ಮೇಲೆ ನಮ್ಮ ಕಡೆ ಉಳಿದದ್ದು ಲೀಟರಿಗೆ ಸುಮಾರು 12 ರೂಪಾಯಿ ಅಂತರ. ಪೆಟ್ರೋಲ್ 103 ರೂಪಾಯಿ, ಗಾಡಿ 18 ಕಿಲೋಮೀಟರ್ ಕೊಡುತ್ತದೆ ಅನ್ನಿ. ಡೀಸೆಲ್ 91 ರೂಪಾಯಿ, 20 ಕೊಡುತ್ತದೆ ಅನ್ನಿ. ಕಿಲೋಮೀಟರಿಗೆ ಉಳಿಯುವುದು ಒಂದು ರೂಪಾಯಿ ಹದಿನೇಳು ಪೈಸೆ. ಡೀಸೆಲ್ ಗಾಡಿಗೆ ಒಂದು ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ವಾಪಸ್ ಬರಲು 85 ಸಾವಿರ ಕಿಲೋಮೀಟರ್ ಓಡಬೇಕು. ಮಧ್ಯೆ ಒಂದು ಇಂಜೆಕ್ಟರ್ ಕೈಕೊಟ್ಟರೆ ಲೆಕ್ಕ ಮತ್ತೆ ಮೊದಲಿಂದ.

ಕಂಪನಿಗಳಿಗೂ ಇದು ತಿಳಿಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಮಾರುತಿಯವರು ಡೀಸೆಲ್ಲನ್ನೇ ಕೈಬಿಟ್ಟರು. ಬಿಡದಿಯಲ್ಲೇ ತಯಾರಾಗುವ ಇನ್ನೋವಾ ಹೈಕ್ರಾಸ್ 2022ರಲ್ಲಿ ಬಂದದ್ದು ಡೀಸೆಲ್ ಇಲ್ಲದೆ. ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ಆ ಮಸಿಯನ್ನು ಸುಟ್ಟು ತನ್ನನ್ನು ತಾನೇ ಚೊಕ್ಕ ಮಾಡಿಕೊಳ್ಳಬೇಕಾದರೆ ಆಗಾಗ ಹೈವೇಯಲ್ಲಿ ಒಂದೇ ಸಮ ಓಡಬೇಕು. ಮನೆಯಿಂದ ಸಂತೆಗೆ, ಸಂತೆಯಿಂದ ಮನೆಗೆ ಓಡಿಸುವವರ ಗಾಡಿಯಲ್ಲಿ ಅದು ಕಟ್ಟಿಕೊಂಡು ಲೈಟ್ ಹತ್ತಿಕೊಳ್ಳುತ್ತದೆ.

ಚಿಕ್ಕಪ್ಪನ ಮಗ ಈಚೆಗೆ ಡೀಸೆಲ್ಲೇ ಬೇಕು ಅಂತ ಹೊರಟ. ದಿನಾ ಬೆಂಗಳೂರಿನ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಕಾರಲ್ಲಿ ಹೋಗಿ ಮೆಟ್ರೋ ಹತ್ತುವವನು. ವರ್ಷಕ್ಕೆ 20 ಸಾವಿರ ಕಿಲೋಮೀಟರ್ ಓಡಿಸುವ ಅವನಿಗೆ ಲೆಕ್ಕ ಇನ್ನೂ ಕೂಡುತ್ತದೆ. ಫೋನಿಗೆ ದೆಹಲಿ ನಂಬರಿನ ಇನ್ನೋವಾಗಳ ಫೋಟೋ ಸಾಲುಸಾಲಾಗಿ ಬರುತ್ತಿದ್ದವು. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡಬಾರದು ಅಂತ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತ್ತು, 2018ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಹೀಗಾಗಿ ಅಲ್ಲಿನ ಗಾಡಿಗಳು ದಕ್ಷಿಣದ ದಾರಿ ಹಿಡಿದವು. ಎನ್‌ಓಸಿ ತರಿಸಿ, ಇಲ್ಲಿಯ ಲೈಫ್ ಟ್ಯಾಕ್ಸ್ ಕಟ್ಟುವ ಹೊತ್ತಿಗೆ ಅಗ್ಗದ ಗಾಡಿ ಅಗ್ಗವಾಗಿ ಉಳಿಯುವುದಿಲ್ಲ. ಅವನು ನಮ್ಮ ಕಡೆಯದೇ ಕೆಎ-42ರ, 2017ರ ಸ್ವಿಫ್ಟ್ ಡೀಸೆಲ್ ಹಿಡಿದ. ಬಿಎಸ್4 ಗಾಡಿ, ಫಿಲ್ಟರಿನ ತಲೆನೋವಿಲ್ಲ.

ಈಗ ಗಾಡಿ ನಂಬರ್ ಒತ್ತಿದರೆ ಎಷ್ಟನೇ ಓನರ್, ಸಾಲ ತೀರಿದೆಯೋ ಇಲ್ಲವೋ, ಇನ್ಶೂರೆನ್ಸ್ ಎಂದಿನವರೆಗೆ ಎಲ್ಲ ಫೋನಿನಲ್ಲೇ ಬರುತ್ತದೆ. ಸ್ವಿಫ್ಟ್ ನೋಡಲು ಬಂದ ಹೊಸ ಕಾಲದ ಮೆಕ್ಯಾನಿಕ್ ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸಿದ. ಮೀಟರನ್ನು ಮಾತ್ರ ಈಗಲೂ ತಿರುಗಿಸುತ್ತಾರೆ, ಲ್ಯಾಪ್‌ಟಾಪ್ ಇಟ್ಟುಕೊಂಡು. ಅದಕ್ಕೇ ಶೋರೂಮಿನ ಸರ್ವೀಸ್ ದಾಖಲೆ ತೆಗೆಸಿ ತಾಳೆ ನೋಡಿದೆವು. ಕೊನೆಗೆ ಆ ಮೆಕ್ಯಾನಿಕ್ಕೂ ಆಯಿಲ್ ಮುಚ್ಚಳ ಬಿಚ್ಚಿ ಅಂಗೈ ಹಿಡಿದ. ಸವೆದ ರಿಂಗಿನ ಉಸಿರನ್ನು ಸ್ಕ್ಯಾನರ್ ಹೇಳುವುದಿಲ್ಲವಂತೆ.

ಹೆಸರು ಬದಲಾಯಿಸಲು ಹಳೇ ಓನರ್ ಫೋನಿಗೆ ಓಟಿಪಿ ಬರಬೇಕಿತ್ತು. ಅವರು ನಂಬರ್ ಬದಲಾಯಿಸಿದ್ದರು. ಬ್ರೋಕರ್ ಅವರನ್ನು ಹುಡುಕಿ ಕರೆತರುವವರೆಗೆ ಚಿಕ್ಕಪ್ಪನ ಮಗ ಬಾಕಿ ದುಡ್ಡು ಕೊಡಲಿಲ್ಲ.

ಗಾಡಿ ಮನೆಗೆ ಬಂದ ದಿನ ಚಿಕ್ಕಪ್ಪ ಸುತ್ತ ಒಂದು ಸಲ ಬಂದು, "ಎಷ್ಟ್ ಕೊಡ್ತೈತಲಾ?" ಅಂದರು.

"ಇಪ್ಪತ್ತಕ್ಕೆ ಮೋಸ ಇಲ್ಲ ಕಣಪ್ಪ."

"ಡೀಸೆಲ್ ಎಷ್ಟಾಗೈತೆ ಈಗ?"

ಹೇಳಿದ. ಅವರು ಬೆರಳು ಮಡಚಿ ಲೆಕ್ಕ ಹಾಕಿ, ಇದಕ್ಕೆ ಪೆಟ್ರೋಲೇ ಆಗ್ತಿತ್ತಲ್ಲ ಅಂದರು. ಅವರು ಈಗ ಗೂಡಿನ ಕಾಲಕ್ಕೆ ತಿಂಗಳಿಗೊಮ್ಮೆ ಮಾರ್ಕೆಟ್ಟಿಗೆ ಹೋಗುವವರು, ಅವರ ಓಟಕ್ಕೆ ಆ ಲೆಕ್ಕ ಸರಿಯೇ. ಮಗ ವಾದಕ್ಕೆ ನಿಲ್ಲದೆ ಇನ್ಶೂರೆನ್ಸ್ ತನ್ನ ಹೆಸರಿಗೆ ಮಾಡಿಸಲು ಹೊರಟ.