ಶಿವಮೊಗ್ಗದ ಕೌಳಿ ಹಣ್ಣಿನ ರಸಾಯನ

ಬೀರೂರು ದಾಟಿದ ಮೇಲೆ ರೈಲಿನ ಕಿಟಕಿಯಾಚೆಯ ನೋಟವೇ ಬೇರೆಯಾಗುತ್ತದೆ. ತೆಂಗು, ಅಡಿಕೆ ತೋಟಗಳು ಹಳಿಯ ಹತ್ತಿರಕ್ಕೆ ಬರುತ್ತವೆ. ತರೀಕೆರೆ ಕಳೆಯುವ ಹೊತ್ತಿಗೆ ಪಡುವಣಕ್ಕೆ ಬೆಟ್ಟಸಾಲು ನೀಲಿಯಾಗಿ ಏಳುತ್ತದೆ. ಬಯಲುಸೀಮೆಯವರಿಗೆ ಮಲೆನಾಡಿನ ಹೆಬ್ಬಾಗಿಲು ಇದೇ. ಮುಂಗಾರಿಗೆ ಮುಂಚಿನ ಮೇ ತಿಂಗಳಲ್ಲಿ ಈ ದಾರಿ ಹಿಡಿದರೆ ಕಾಡುಹಣ್ಣುಗಳ ಕಾಲವೇ ಎದುರಾಗುತ್ತದೆ.

ನಾನು ಮೊದಲು ಇಳಿದದ್ದು ಭದ್ರಾವತಿಯಲ್ಲಿ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಮೂರು ಗರ್ಭಗುಡಿಗಳಿವೆ; ಅದರ ಜಗಲಿ ಸುತ್ತುವುದೇ ಒಂದು ಸುಖ. ಊರಿನ ಇನ್ನೊಂದು ಮುಖ ಕಬ್ಬಿಣದ್ದು. ವಿಶ್ವೇಶ್ವರಯ್ಯನವರು ಕಂಡ ಕನಸಿನ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸತೊಡಗಿದಾಗ ಕುಲುಮೆಗೆ ಬೇಕಾದ ಇದ್ದಿಲು ಸುತ್ತಲಿನ ಕಾಡಿನ ಸೌದೆಯಿಂದಲೇ ಬರುತ್ತಿತ್ತು. ಆದರೆ ನಾನು ಅರಸಿ ಬಂದ ಕಾಡುಹಣ್ಣಿಗೆ ಅಂಥ ಸೌದೆಯ ಕಾಡು ಬೇಕಿಲ್ಲ; ದೊಡ್ಡ ಮರಗಳಿಲ್ಲದ ಕುರುಚಲು ಕಾಡಿನಲ್ಲಿ, ಗೋಮಾಳದಲ್ಲಿ, ಕಲ್ಲುಗುಡ್ಡದ ಬಿಸಿಲಿನಲ್ಲಿ ಚೆನ್ನಾಗಿ ಬಾಳುವ ಗಿಡ ಕೌಳಿ. ಗಟ್ಟಿ ಮುಳ್ಳು, ಮಲ್ಲಿಗೆಯಂಥ ಬಿಳಿ ಹೂ, ಕಾಯಿ ಕಿತ್ತಲ್ಲಿ ಜಿನುಗುವ ಅಂಟುಹಾಲು. ಹಸಿರು ಕಾಯಿ ಕೆಂಪಾಗಿ, ಕೊನೆಗೆ ಕಪ್ಪಾದಾಗ ಹುಳಿಯೊಳಗೆ ಸಿಹಿ ತುಂಬಿಕೊಳ್ಳುತ್ತದೆ.

ಅಲ್ಲಿಂದ ಶಿವಮೊಗ್ಗ ದೂರವಲ್ಲ. ತುಂಗೆಯ ದಡದ ಕೋಟೆ ಬೀದಿಯಲ್ಲಿ ಆಂಜನೇಯನಿಗೆ ಕೈಮುಗಿದು, ಕೆಳದಿ ಅರಸರ ನೆನಪಿನ ಶಿವಪ್ಪನಾಯಕನ ಅರಮನೆಯ ಭಾರಿ ಮರದ ಕಂಬಗಳ ನಡುವೆ ಅಡ್ಡಾಡಿ ಹೊರಬಂದರೆ, ರಸ್ತೆಯಂಚಿನಲ್ಲಿ ಕೌಳಿ ಹಣ್ಣಿನ ಬುಟ್ಟಿ ಇಟ್ಟುಕೊಂಡ ಹೆಂಗಸು.

"ಅಕ್ಕಾ, ಹಣ್ಣು ಸಿಹಿ ಇದೆಯಾ?"

"ಕಪ್ಪಗಿರೋದು ನೋಡಿ ತಗೊಳ್ಳಿ ಸಾರ್. ಹಸಿರಿಂದು ಉಪ್ಪಿನಕಾಯಿಗೆ."

ಎಲೆದೊನ್ನೆಯ ತುಂಬ ಹಣ್ಣು ಹಿಡಿದು ನಾನು ಉಳಿದುಕೊಂಡಿದ್ದ ಮನೆಗೆ ಬಂದೆ. ಮನೆಯ ಅಜ್ಜಿ ಅದನ್ನು ನೋಡಿದ್ದೇ, "ಒಲೆ ಹಚ್ಚೋದು ಬ್ಯಾಡ, ರಸಾಯನ ಮಾಡೋಣ ಕಣಪ್ಪಾ" ಅಂದರು.

ಹಣ್ಣನ್ನು ಎರಡು ನೀರಿನಲ್ಲಿ ತೊಳೆದು, ತೊಟ್ಟು ಬಿಡಿಸಿ, ಎರಡು ಹೋಳು ಮಾಡಿ ಬೀಜ ತೆಗೆದರು. ಹುಳಿಗೆ ಲೋಹದ ಪಾತ್ರೆ ಆಗದೆಂದು ಪಿಂಗಾಣಿ ಬಟ್ಟಲು ಬಂತು. ಹೋಳುಗಳ ಮೇಲೆ ಜೋನಿ ಬೆಲ್ಲ ಸುರಿದು, ಚಿಟಿಕೆ ಉಪ್ಪು ಉದುರಿಸಿ ಅರ್ಧ ಗಂಟೆ ಮುಚ್ಚಿಟ್ಟರು. ಅಷ್ಟರಲ್ಲಿ ಹಣ್ಣು ತನ್ನ ರಸ ಬಿಟ್ಟು ಬೆಲ್ಲವೆಲ್ಲ ಕಡುಗೆಂಪಾಯಿತು. ತೆಂಗಿನಕಾಯಿ ತುರಿದು ರುಬ್ಬಿ ಹಿಂಡಿದ ಮೊದಲ ಹಾಲನ್ನು ಬಡಿಸುವ ಹೊತ್ತಿಗಷ್ಟೇ ಬೆರೆಸಿದರು. ಮುಂಚೆ ಹಾಕಿದರೆ ಹುಳಿಗೆ ಹಾಲು ಒಡೆಯುತ್ತದೆ. ಮೇಲೆ ಕುಟ್ಟಿದ ಏಲಕ್ಕಿ, ಪಕ್ಕದಲ್ಲಿ ಒಂದು ಹಿಡಿ ಅವಲಕ್ಕಿ.

ಮೊದಲ ತುತ್ತಿಗೆ ಬೆಲ್ಲ, ಆಮೇಲೆ ಕಾಯಿಹಾಲಿನ ತಂಪು, ಕೊನೆಗೆ ನಾಲಿಗೆಯ ಬದಿಯನ್ನು ಜುಮ್ಮೆನಿಸುವ ಹುಳಿ. ದೂರದ ಊರುಗಳ ಸ್ಟ್ರಾಬೆರಿ, ಬ್ಲೂಬೆರಿಗಳು ಈಗ ಡಬ್ಬಿಗಳಲ್ಲಿ ಕುಳಿತು ನಮ್ಮ ಅಂಗಡಿಗಳಿಗೆ ಬರುತ್ತಿವೆ. ನಮ್ಮ ಗುಡ್ಡದ ಕೌಳಿಗೆ ಇರುವುದು ಕೆಲವೇ ವಾರಗಳ ಕಾಲ. ಅದರ ಬೆಲೆ ಆ ವಾರಗಳಲ್ಲೇ ತಿಳಿಯಬೇಕು.

ಗೋಮಾಳಗಳು ಸೈಟುಗಳಾಗುತ್ತಿವೆ, ಮುಳ್ಳುಪೊದೆ ಎಂದು ಬೇಲಿಯ ಕೌಳಿಯನ್ನು ಸವರಿಬಿಡುತ್ತೇವೆ. ನಿಮ್ಮ ಹೊಲದ ಅಂಚಿನಲ್ಲಿ ಒಂದು ಪೊದೆ ಇದ್ದರೆ ಉಳಿಸಿಕೊಳ್ಳಿ. ಮೇ ತಿಂಗಳಲ್ಲಿ ಶಿವಮೊಗ್ಗಕ್ಕೆ ಬಂದರೆ ಬುಟ್ಟಿಯ ಅಕ್ಕನ ಹತ್ತಿರ ಚೌಕಾಸಿ ಮಾಡದೆ ಒಂದು ದೊನ್ನೆ ಹಣ್ಣು ಕೊಳ್ಳಿ, ಅದೇ ದಿನ ರಸಾಯನ ಮಾಡಿ ಉಣ್ಣಿ.