ಅಜ್ಜಿಯ ಬೆರಳು

ಮಗನು ನಿಂತು ರಿಮೋಟು ಒತ್ತಿದರೆ ಟೆಲಿವಿಷನ್ನು ಬೆಳಗುವುದು. ಮೂಲೆಯ ಕುರ್ಚಿಯಲ್ಲಿ ಕುಳಿತು ಅಜ್ಜಿ ಒತ್ತಿದರೆ ಇಲ್ಲ. ಎರಡು ವಾರ ಅವರು ಯಾರಿಗೂ ಹೇಳಲಿಲ್ಲ. ಎಂಬತ್ತು ದಾಟಿದ ಬೆರಳಿನಲ್ಲಿ ಕಸುವು ಉಳಿದಿಲ್ಲವೆಂದು ತಮ್ಮಷ್ಟಕ್ಕೆ ತೀರ್ಮಾನಿಸಿ, ಮಧ್ಯಾಹ್ನವೆಲ್ಲ ಕಪ್ಪು ತೆರೆಯ ಮುಂದೆಯೇ ಕುಳಿತಿದ್ದರು.

ಗುಟ್ಟು ತಿಳಿದುದು ಮೊಮ್ಮಗಳಿಗೆ. ಅವಳು ಮೊಬೈಲಿನ ಕ್ಯಾಮರಾ ತೆರೆದು, ರಿಮೋಟಿನ ತುದಿಯನ್ನು ಅದರತ್ತ ತಿರುಗಿಸಿ, "ಈಗ ಒತ್ತಿ, ಅಜ್ಜಿ" ಎಂದಳು. ಮೊಬೈಲಿನಲ್ಲಿ ನೇರಳೆ ಬಣ್ಣದ ಕಿಡಿಯೊಂದು ಮಿನುಗಿತು! ಬರಿಗಣ್ಣಿಗೆ ಏನೂ ಇಲ್ಲ. ರಿಮೋಟು ಹೊರಡಿಸುವುದು ಅವಕೆಂಪು ಕಿರಣ. ತರಂಗದ ಉದ್ದ ಸಾಮಾನ್ಯವಾಗಿ ಸುಮಾರು 940 ನ್ಯಾನೊಮೀಟರ್. ಮನುಷ್ಯನ ಕಣ್ಣು 700ರ ಆಸುಪಾಸಿನಲ್ಲೇ ಸೋಲುವುದು. ಕ್ಯಾಮರಾದ ಕಣ್ಣು ಅದರಾಚೆಗೂ ತುಸು ಕಾಣಬಲ್ಲುದು. ಕೆಲವು ಮೊಬೈಲುಗಳ ಹಿಂಬದಿಯ ಕ್ಯಾಮರಾದಲ್ಲಿ ಈ ಕಿರಣವನ್ನು ತಡೆಯುವ ಗಾಜು ಇರುವುದರಿಂದ, ಕಿಡಿ ಕಾಣದಿದ್ದರೆ ಮುಂಬದಿಯದರಲ್ಲೂ ನೋಡಿ, ಅನಂತರ ರಿಮೋಟನ್ನು ಬೈಯುವುದು ಲೇಸು.

ಇಲ್ಲಿ ಬೆರಳೂ ಸರಿ, ರಿಮೋಟೂ ಸರಿ. ಹಾಗಾದರೆ ತಪ್ಪು ಯಾರದು? ಈ ಕಿರಣ ಹಿತ್ತಾಳೆಯನ್ನು ತೂರಿ ಹೋಗಲಾರದು. ಟೆಲಿವಿಷನ್ನಿನ ಕೆಳಗಿನ ಅಂಚಿನಲ್ಲಿ ಕಿರಣವನ್ನು ಹಿಡಿಯುವ ಪುಟ್ಟ ಕಣ್ಣಿನ ಮುಂದೆ, ಅಜ್ಜಿಯ ಕುರ್ಚಿಗೆ ಸರಿಯಾಗಿ ಅಡ್ಡವಾಗಿ, ಸೊಸೆ ಪ್ರೀತಿಯಿಂದ ತಂದಿಟ್ಟ ಹಿತ್ತಾಳೆಯ ಆನೆ ನಿಂತಿತ್ತು.

ಆನೆ ಪಕ್ಕಕ್ಕೆ ಸರಿಯಿತು, ತೆರೆ ಬೆಳಗಿತು. ಅಜ್ಜಿ ಮಾತ್ರ ಅತ್ತ ನೋಡಲಿಲ್ಲ. "ಆ ಕಿಡಿ ಇನ್ನೊಮ್ಮೆ ತೋರಿಸೇ" ಎಂದು ಮೊಬೈಲಿನತ್ತ ಬಾಗಿ, ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರು.