ಯಾರ ಒಲೆಯ ಮದ್ದು?

ಅಡುಗೆಮನೆಯೇ ಔಷಧಾಲಯ ಅಂತಾರೆ. ಕೇಳೋಕೆ ಚೆಂದ ಐತೆ. ಆದರೆ ಯಾರ ಅಡುಗೆಮನೆ? ಕೆಮ್ಮಿದರೆ ಅರಿಶಿನದ ಹಾಲು, ಗಂಟಲು ಕಟ್ಟಿದರೆ ಜೇನುತುಪ್ಪ, ಬಾಣಂತಿಗೆ ತುಪ್ಪ, ಅಂಟಿನುಂಡೆ. ಈ ಪಟ್ಟಿ ಬರೆದವರ ಮನೆಯಲ್ಲಿ ಹಯನಿತ್ತು, ಡಬ್ಬಿಗಳಿದ್ದವು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ನಮ್ಮ ಕೇರಿಗಳಲ್ಲಿ ಅಡುಗೆಮನೆ ಅನ್ನೋದು ಬೇರೆ ಕೋಣೆಯಾಗಿರಲಿಲ್ಲ. ಮಲಗುವ ಜಾಗದ ಮೂಲೆಯಲ್ಲೇ ಮೂರು ಕಲ್ಲು. ಪಕ್ಕದಲ್ಲಿ ಜೋಳದ ಹಿಟ್ಟು, ಹುರುಳಿ, ಉಪ್ಪು, ಒಣಮೆಣಸಿನಕಾಯಿ, ಹುಣಸೆಹಣ್ಣು, ನಾಲ್ಕು ಎಸಳು ಬೆಳ್ಳುಳ್ಳಿ. ನಮ್ಮ ಔಷಧಾಲಯ ಇಷ್ಟೇ.

ಇಷ್ಟರಲ್ಲೇ ನಮ್ಮ ಅವ್ವಂದಿರು ವೈದ್ಯ ನಡೆಸಿದರು. ನೆಗಡಿಗೆ ಹುರುಳಿಕಟ್ಟಿನ ಬಿಸಿ ಸಾರು. ಗಂಟಲಿಗೆ ಉಪ್ಪುನೀರು ಮುಕ್ಕಳಿಸೋದು. ಕೂಸಿಗೆ ಬೇಧಿ ಹತ್ತಿತು ಅಂದರೆ, "ಗಂಜಿ ತಿಳಿ ಕುಡಿಸವ್ವಾ, ಉಪ್ಪು ಮರೀಬ್ಯಾಡ." ಮೈ ಕೆಂಡದಂಗೆ ಸುಡುತ್ತಿದ್ದರೂ ಮರುದಿನ ಶೇಂಗಾ ಕೀಳೋಕೆ ಹೋಗಬೇಕು. ಕೂಲಿ ತಪ್ಪಬಾರದು ಅನ್ನೋದೇ ಆ ವೈದ್ಯದ ಮೊದಲ ಸೂತ್ರ.

ಇದನ್ನು ಪರಂಪರೆ ಅಂತ ಹೊಗಳುವವರಿಗೆ ಒಂದು ಮಾತು. ಮುಟ್ಟಿ ನೋಡುವ ವೈದ್ಯ ಇಲ್ಲದ್ದರಿಂದ ನಮಗೆ ಒಲೆಯೇ ಗತಿಯಾಯಿತು. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಶಾಲಾ ಮೇಷ್ಟ್ರ ಕಥೆ ದಾಖಲಿಸಿದ್ದಾರೆ. 1929ರಲ್ಲಿ ಅದು ಪತ್ರಿಕೆಯಲ್ಲಿ ಬಂದದ್ದು. ಮೇಷ್ಟ್ರ ಹೆಂಡತಿ ಬಾಣಂತಿ. ಜ್ವರ ಏರಿತು. ಬಂದ ಡಾಕ್ಟರು ಮುಟ್ಟಲಿಲ್ಲ. ಥರ್ಮಾಮೀಟರನ್ನು ಒಬ್ಬ ಮುಸ್ಲಿಮನ ಕೈಗೆ ಕೊಟ್ಟ, ಅವನು ಗಂಡನ ಕೈಗೆ, ಗಂಡ ಹೆಂಡತಿಗೆ. ಆಕೆ ಉಳಿಯಲಿಲ್ಲ. ಡಾಕ್ಟರು ಬಾಗಿಲಿಗೆ ಬಂದರೂ ವೈದ್ಯ ಒಳಗೆ ಬರಲಿಲ್ಲ.

ಹಾಗಂತ ಅವ್ವಂದಿರ ಉಪ್ಪು ಸಣ್ಣದಲ್ಲ. 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರಕ್ಕೆ ಕಾಲರಾ ಬಡಿಯಿತು. ಸಲೈನ್ ಬಾಟಲಿಗಳು ಸಾಲದಾದವು. ಡಾ. ದಿಲೀಪ್ ಮಹಲನೋಬಿಸ್ ಗ್ಲೂಕೋಸು, ಉಪ್ಪು, ಅಡುಗೆ ಸೋಡಾ ಕಲಸಿದ ನೀರನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರ ಹತ್ತಿರ ಇದ್ದ ಸಾವು 4ರೊಳಗೆ ಇಳಿಯಿತು. ಕರುಳಿನಲ್ಲಿ ಸಕ್ಕರೆ ಉಪ್ಪನ್ನು ಒಳಕ್ಕೆ ಕರೆದೊಯ್ಯುತ್ತೆ, ಉಪ್ಪಿನ ಹಿಂದೆ ನೀರು ಹೋಗುತ್ತೆ. ಒಂದು ಲೀಟರ್ ಶುದ್ಧ ನೀರಿಗೆ ತಲೆಮಟ್ಟ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಕೂಸಿಗೆ ಅಪಾಯ. ಮೇಷ್ಟ್ರುಗಳೇ, ಇದನ್ನು ಶಾಲೆಯ ಗೋಡೆಗೆ ಬರೆಸಿ.

ಅರಿಶಿನದ್ದು ಇನ್ನೊಂದು ಕಥೆ. ಗಾಯಕ್ಕೆ ಅರಿಶಿನ ಬಳಸುವುದರ ಮೇಲೆ 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ ಪೇಟೆಂಟ್ ಸಿಕ್ಕಿತು. ನಮ್ಮ ದೇಶದ ಸಿ.ಎಸ್.ಐ.ಆರ್. ತಕರಾರು ಹೂಡಿತು. 1997ರಲ್ಲಿ ಅದು ರದ್ದಾಯಿತು. ಆಗಿನ ಅಮೆರಿಕದ ಕಾನೂನಿಗೆ ಹೊರದೇಶದ ರೂಢಿ ಲೆಕ್ಕವಲ್ಲ, ಬರಹದಲ್ಲಿ ಇದ್ದದ್ದೇ ಲೆಕ್ಕ. ಹಳೆಯ ಸಂಸ್ಕೃತ ಗ್ರಂಥ, ಅಚ್ಚಾದ ಲೇಖನ ಸಾಕ್ಷಿಯಾದವು. ಕುಡುಗೋಲು ತಗುಲಿದ ಬೆರಳಿಗೆ ಅರಿಶಿನ ಮೆತ್ತಿದ ಲಕ್ಷಾಂತರ ಹೆಂಗಸರ ಕೈ ಸಾಕ್ಷಿಯಾಗಲಿಲ್ಲ. ಆ ಕೈಗಳಿಗೆ ಅಕ್ಷರ ಸಿಗದಂಗೆ ನೋಡಿಕೊಂಡವರು ಯಾರು? ನಮ್ಮ ಮನೆಗಳಲ್ಲಿ ಕಾಲೇಜು ಕಂಡ ಮೊದಲ ತಲೆ ನಾವು. ಅವ್ವಂದಿರ ಬಾಯಲ್ಲಿ ಇರೋದನ್ನ ಬರೆದಿಡೋ ಪಾಳಿ ನಮ್ಮದು.

ಬರೆಯುವಾಗ ಭಜನೆ ಬ್ಯಾಡ, ಸೋಸಬೇಕು. ಹೊಕ್ಕುಳಿಗೆ ಸಗಣಿ, ಬೂದಿ ಹಚ್ಚಿಸಿಕೊಂಡ ಎಷ್ಟೋ ಕೂಸುಗಳು ಧನುರ್ವಾಯುವಿಗೆ ಹೋದವು. ಗರ್ಭಿಣಿಗೆ ಚುಚ್ಚುಮದ್ದು, ಹೆರಿಗೆಗೆ ಶುದ್ಧ ಬ್ಲೇಡು ಬಂದ ಮೇಲೆ, 2015ರಲ್ಲಿ, ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿರ್ಮೂಲನವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಹಾವು ಕಚ್ಚಿದವರಿಗೆ ಮೆಣಸಿನಕಾಯಿ ತಿನ್ನಿಸಿ ಖಾರ ಹತ್ತಿತೇನು ಅಂತ ಕೇಳುತ್ತ ಕೂತರೆ ಜೀವ ಹೋಗುತ್ತೆ. ಅದಕ್ಕೆ ಆಸ್ಪತ್ರೆಯ ವಿಷನಿರೋಧಕ ಚುಚ್ಚುಮದ್ದೇ ಬೇಕು.

ಒಲೆಯ ಮೇಲೆ ವಾಸಿಯಾಗದ ಇನ್ನೊಂದು ರೋಗ ನಮ್ಮ ನೀರಿನಲ್ಲೇ ಐತೆ. ಈ ಕಡೆಯ ಎಷ್ಟೋ ಬೋರುಗಳಲ್ಲಿ ಫ್ಲೋರೈಡು ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಹುಡುಗರ ಹಲ್ಲಿನ ಕಂದು ಕಲೆ ಉಪ್ಪು, ಇದ್ದಿಲು ತಿಕ್ಕಿದರೆ ಹೋಗಲ್ಲ. ನೀರು ಕುದಿಸಿದರೂ ಫ್ಲೋರೈಡು ಹೋಗಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತೆ. ಅದಕ್ಕೆ ಮದ್ದು ಶುದ್ಧ ನೀರು ಕೇರಿಯ ನಲ್ಲಿಗೆ ಬರೋದು. 2021ರಲ್ಲಿ ವಿಜಯನಗರ ಹೊಸ ಜಿಲ್ಲೆಯಾಯಿತು, ಈ ಐದೂ ತಾಲೂಕು ಅದರಲ್ಲಿ ಸೇರಿದವು. ಬೋರ್ಡು ಬದಲಾದಂಗೆ ನೀರೂ ಬದಲಾಗಬೇಕಲ್ಲ.

ಒಲೆ ಬಿಟ್ಟು ಆಸ್ಪತ್ರೆಗೆ ಹೋಗಿ ಅಂದಷ್ಟಕ್ಕೂ ಮುಗಿಯಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸರ್ಕಾರಕ್ಕೇ ಅನುಮಾನ ಬಂತು. ಆ ಬಾಟಲಿಯಲ್ಲೂ ಇರೋದು ಲವಣದ ನೀರೇ. ಅವ್ವನ ಚಮಚದ ಅಳತೆ ಕೇಳೋ ನಾವು, ಸರ್ಕಾರದ ಬಾಟಲಿಯ ಲೆಕ್ಕವನ್ನೂ ಕೇಳಬೇಕು.

ಗೆಳೆಯರೇ, ಒಂದು ನೋಟ್‌ಬುಕ್ ಇಡಿ. ಎಡಗಡೆ ಹಾಳೆಯಲ್ಲಿ ಅವ್ವಂದಿರ ಮದ್ದು, ಹೇಳಿದವರ ಹೆಸರು, ಅಳತೆ, ಯಾವುದಕ್ಕೆ ಗುಣ, ಯಾವುದಕ್ಕೆ ಅಲ್ಲ. ಬಲಗಡೆ ಹಾಳೆಯಲ್ಲಿ ಊರ ಆಸ್ಪತ್ರೆಗೆ ಡಾಕ್ಟರು ಬಾರದ ದಿನಗಳು, ಇಲ್ಲದ ಔಷಧಿಗಳು, ನೀರಿನ ಪರೀಕ್ಷೆಯ ಫಲ. ಅರ್ಜಿ ಹಿಡಿದು ತಾಲೂಕು ಕಚೇರಿಗೆ ಹೋಗುವಾಗ ಎರಡೂ ಹಾಳೆ ಜೊತೆಗೇ ಇರಲಿ.